ಚೌಳು ಹಿಡಿದ ಗೋಡೆ, ಸುಣ್ಣದ ಗಾರೆ: ಒಂದು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಪಾಂಡವಪುರ ತಾಲ್ಲೂಕಿನ ನಮ್ಮ ಮನೆಗೆ ಸುಣ್ಣದ ಗಾರೆ ಮಾಡಿಕೊಟ್ಟ ಮೇಸ್ತ್ರಿ ಮತ್ತು ಅವರ ಆಳುಗಳಿಗೆ ಐದರಲ್ಲಿ ನಾಲ್ಕು ಸ್ಟಾರ್. ಕೆಲಸ ಮುಗಿದ ವಾರವೇ ಬರೆಯಬಹುದಿತ್ತು, ಬೇಕೆಂದೇ ಬರೆಯಲಿಲ್ಲ. ಉಪ್ಪು ಬಿಡುವ ಗೋಡೆಯ ವಿಷಯದಲ್ಲಿ ಕೆಲಸ ಮುಗಿದ ವಾರ ಯಾರ ಗೋಡೆ ನೋಡಿದರೂ ಚೆನ್ನಾಗಿಯೇ ಇರುತ್ತದೆ. ಒಂದು ಮಳೆಗಾಲ ಹೋಗಬೇಕು, ನಾಲೆಗೆ ನೀರು ಬಿಟ್ಟು ಪಕ್ಕದ ಗದ್ದೆ ತುಂಬಬೇಕು, ಆಮೇಲೆ ಶಿವರಾತ್ರಿ ಸುಮಾರಿನ ಒಣಹವೆ ಬೀಸಬೇಕು. ಈ ಮೂರೂ ದಾಟಿದ ಮೇಲೆ ಗೋಡೆ ಹೇಗಿದೆ ಅನ್ನೋದನ್ನು ನೋಡಿ ಸ್ಟಾರ್ ಕೊಡಬೇಕು. ಈಗ ಮೂರೂ ದಾಟಿವೆ.

ಮಾವನವರು ಕಟ್ಟಿಸಿದ ಮನೆ ಇದು. ಸೈಜುಗಲ್ಲಿನ ತಳಪಾಯ, ಅದರ ಮೇಲೆ ಮಣ್ಣು ಕಲಸಿ ಕಟ್ಟಿದ ನಾಡ ಇಟ್ಟಿಗೆಯ ಗೋಡೆ, ಒಂದೂವರೆ ಇಟ್ಟಿಗೆ ದಪ್ಪ, ಮೇಲೆ ಮಂಗಳೂರು ಹೆಂಚು. ತಳಪಾಯಕ್ಕೂ ಇಟ್ಟಿಗೆಗೂ ನಡುವೆ, ನೆಲದ ತೇವ ತಡೆಯುವ ಕಾಂಕ್ರೀಟ್ ಬೆಲ್ಟ್ ಇಲ್ಲ. ಆ ಕಾಲದಲ್ಲಿ ಊರಲ್ಲಿ ಯಾರೂ ಹಾಕುತ್ತಿರಲಿಲ್ಲ. ಹಿತ್ತಲ ಬೇಲಿ ದಾಟಿದರೆ ಭತ್ತದ ಗದ್ದೆ. ಕೆಆರ್‌ಎಸ್‌ನಿಂದ ಬರುವ ವಿಶ್ವೇಶ್ವರಯ್ಯ ನಾಲೆ, ಹಳಬರ ಬಾಯಲ್ಲಿ ಇರ್ವಿನ್ ನಾಲೆ, ಈ ಸೀಮೆಗೆ ಭತ್ತ ಕೊಟ್ಟಿತು, ಕಬ್ಬು ಕೊಟ್ಟಿತು. ನೀರು ಬಸಿದು ಹೋಗದ ತಗ್ಗಿನ ಜಮೀನಿಗೆ ಚೌಳನ್ನೂ, ಅಂದರೆ ಮಣ್ಣಿನಲ್ಲಿ ಕಟ್ಟುವ ಉಪ್ಪನ್ನೂ, ಕೊಟ್ಟಿತು. ಜಮೀನಿಗೆ ಬಂದ ಚೌಳು ಹೊಸ್ತಿಲು ದಾಟದೆ ಇರುತ್ತದೆಯೇ?

ಮಣ್ಣಿನೊಳಗಿನ ನೀರನ್ನು ಇಟ್ಟಿಗೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ, ಮೇಲಕ್ಕೆ ಎಳೆಯುತ್ತದೆ. ನೀರಿನಲ್ಲಿ ಕರಗಿದ ಉಪ್ಪೂ ಜೊತೆಗೇ ಏರುತ್ತದೆ. ಗೋಡೆಯ ಮೈಯಿಂದ ನೀರು ಆರಿಹೋಗುತ್ತದೆ, ಉಪ್ಪು ಎಲ್ಲಿಗೂ ಹೋಗಲಾರದೆ ಅಲ್ಲೇ ಹರಳುಗಟ್ಟುತ್ತದೆ. ಹೊರಮೈಯಲ್ಲಿ ಹರಳಾದರೆ ಬಿಳಿ ಬೂಷ್ಟು, ನೋಡೋಕೆ ಅಸಹ್ಯ, ಅಷ್ಟೇ. ಮೈಯಿಂದ ಒಂದಿಷ್ಟು ಒಳಗೆ, ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಹರಳಾದರೆ ಅದು ಇಟ್ಟಿಗೆಯ ಮುಖವನ್ನೇ ಒಡೆದು ಉದುರಿಸುತ್ತದೆ. ಮೊಹೆಂಜೊದಾರೊದ ಸುಟ್ಟ ಇಟ್ಟಿಗೆಗಳನ್ನು ಇವತ್ತಿಗೂ ತಿನ್ನುತ್ತಿರುವುದು ಇದೇ ಉಪ್ಪು. ನಮ್ಮ ಹಿಂದಿನ ಕೋಣೆಯಲ್ಲಿ ಪ್ಲಾಸ್ಟರ್ ಚಕ್ಕೆ ತೆಗೆದರೆ ಒಳಗಿನ ಇಟ್ಟಿಗೆಯನ್ನು ಬೆರಳಲ್ಲಿ ಗೀರಿ ಪುಡಿ ಮಾಡಬಹುದಿತ್ತು. ಆ ಕೋಣೆ ಹಿಂದೆ ಕೊಟ್ಟಿಗೆಯಾಗಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಹಾಗಾಗಿ ಗೋಡೆಯ ಉಪ್ಪನ್ನು ಬೇರೆ ಬೇರೆ ಶೀಷೆಗೆ ಕೆರೆದುಕೊಂಡು ಸ್ಕೂಲಿನ ಲ್ಯಾಬಿಗೆ ಒಯ್ದೆ. ಭಟ್ಟಿ ಇಳಿಸಿದ ನೀರಲ್ಲಿ ಕರಗಿಸಿ, ಸೋಸಿ, ಹತ್ತನೇ ಕ್ಲಾಸಿನ ಮಕ್ಕಳ ಮುಂದೆಯೇ ಪರೀಕ್ಷೆ ಮಾಡಿದೆ. ಹಾಲ್‌ನ ಗೋಡೆಯ ಉಪ್ಪಿಗೆ ಬೇರಿಯಂ ಕ್ಲೋರೈಡ್ ಹಾಕಿದರೆ ಬಿಳಿ ಪ್ರಕ್ಷೇಪ, ನೀರು ಬೆರೆಸಿದ ಆಸಿಡ್ ಹಾಕಿದರೂ ಕರಗಲಿಲ್ಲ: ಸಲ್ಫೇಟ್. ಜ್ವಾಲೆಗೆ ಹಿಡಿದರೆ ಹಳದಿ: ಸೋಡಿಯಂ. ಬಚ್ಚಲ ಪಕ್ಕದ ಕೋಣೆ ಆಮೇಲೆ ಸಿಮೆಂಟಿನಲ್ಲಿ ಕಟ್ಟಿದ್ದು, ಬೋರ್‌ವೆಲ್ ನೀರು ಬಳಸಿ. ಅಲ್ಲಿನ ಉಪ್ಪಿಗೆ ಸಿಲ್ವರ್ ನೈಟ್ರೇಟ್ ಬಿಟ್ಟ ಕೂಡಲೇ ಶೀಷೆ ಪೂರ್ತಿ ಬೆಳ್ಳಗಾಯಿತು: ಕ್ಲೋರೈಡ್. ಕೊಟ್ಟಿಗೆ ಗೋಡೆಯ ಉಪ್ಪಿಗೆ ಹೊಸದಾಗಿ ಮಾಡಿದ ಫೆರಸ್ ಸಲ್ಫೇಟ್ ಸೇರಿಸಿ, ನಳಿಕೆಯನ್ನು ಓರೆ ಹಿಡಿದು, ಪ್ರಬಲ ಸಲ್ಫ್ಯೂರಿಕ್ ಆಸಿಡ್ಡನ್ನು ಅಂಚಿನಿಂದ ಮೆಲ್ಲಗೆ ಇಳಿಸಿದರೆ ಎರಡು ದ್ರವ ಸೇರುವಲ್ಲಿ ಕಂದು ಉಂಗುರ ನಿಂತಿತು. ನೈಟ್ರೇಟ್. ಮಕ್ಕಳು ಚಪ್ಪಾಳೆ ಹೊಡೆದವು.

ಮನೆಗೆ ಬಂದು ಹೇಳಿದರೆ ಅತ್ತೆ ನಕ್ಕರು. "ಇದ್ಕೆ ಅಷ್ಟೊಂದ್ ಶೀಷೆ ಯಾಕವ್ವ? ನಾಲ್ಗೆ ಮ್ಯಾಲೆ ಇಟ್ರೆ ತಣ್ಣಗಾಯ್ತದೆ. ಪೆಟ್ಲುಪ್ಪು ಅದು." ಅವರು ಹೇಳಿದ್ದು ಸರಿಯೇ. ದನದ ಗಂಜಲ ವರ್ಷಗಟ್ಟಲೆ ನೆಲಕ್ಕೆ ಇಳಿದು, ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಕೋವಿಯ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪನ್ನು ಒಂದು ಕಾಲದಲ್ಲಿ ಇಂಥ ಕೊಟ್ಟಿಗೆ ಮಣ್ಣು, ಹಳೇ ಗೋಡೆಗಳಿಂದಲೇ ತೆಗೆಯುತ್ತಿದ್ದರು. ಆದರೆ ನೀವು ಗೋಡೆ ನೆಕ್ಕಿ ನೋಡಬೇಡಿ, ಹಳೇ ಆಯಿಲ್ ಪೇಂಟ್‌ನಲ್ಲಿ ಸೀಸ ಇರುತ್ತದೆ.

ಯಾವ ಉಪ್ಪಾದರೇನು ಅಂತ ಕೇಳಬಹುದು. ವ್ಯತ್ಯಾಸ ಇದೆ. ಅಡುಗೆ ಉಪ್ಪಿನ ಜಾತಿಯದು ಗಾಳಿಯ ತೇವಾಂಶ ಶೇಕಡ 75 ದಾಟಿದರೆ ತಾನಾಗಿಯೇ ನೀರು ಹೀರಿ ಕರಗುತ್ತದೆ. ಬಚ್ಚಲ ಪಕ್ಕದ ಗೋಡೆ ಆಷಾಢದಲ್ಲಿ ಒಂದು ಹನಿ ಮಳೆ ಬೀಳದ ದಿನವೂ ಒದ್ದೆಯಾಗಿ ಕಪ್ಪಿಡುತ್ತಿದ್ದುದು ಅದಕ್ಕೇ. ಪೈಪು ಒಡೆದಿದೆ ಅಂತ ಪ್ಲಂಬರ್ ನೆಲ ಅಗೆದು ನೋಡಿದ್ದೂ ಆಗಿತ್ತು, ಪೈಪು ನೆಟ್ಟಗೇ ಇತ್ತು. ಸೋಡಿಯಂ ಸಲ್ಫೇಟ್ ಇನ್ನೊಂದು ಥರ. ಸುಮಾರು 32 ಡಿಗ್ರಿಗಿಂತ ತಂಪಾದರೆ ಹತ್ತು ನೀರಿನ ಅಣುಗಳನ್ನು ಕಟ್ಟಿಕೊಂಡು ಹರಳಾಗುತ್ತದೆ, ಗಾತ್ರ ಮೂರು ಪಟ್ಟಿಗೂ ಮಿಗಿಲು ಹಿಗ್ಗುತ್ತದೆ. ನಮ್ಮ ಕಡೆ ಬೇಸಿಗೆಯ ಹಗಲಿಗೂ ರಾತ್ರಿಗೂ ಆ ಗೆರೆ ದಿನಾ ದಾಟುತ್ತದೆ. ಹಾಲ್‌ನಲ್ಲಿ ಬೆಳಿಗ್ಗೆ ಗುಡಿಸಿದ ಜಾಗದಲ್ಲಿ ಸಂಜೆಗೆ ಮತ್ತೆ ಪುಡಿ ಬೀಳುತ್ತಿತ್ತು.

ಮೇಸ್ತ್ರಿಗಿಂತ ಮೊದಲು ಬಂದವರ ಕಥೆ ಹೇಳದಿದ್ದರೆ ಈ ನಾಲ್ಕು ಸ್ಟಾರ್‌ಗೆ ಅರ್ಥ ಇರುವುದಿಲ್ಲ. ಭಾವನವರು ತಮ್ಮ ಕೋಣೆಗೆ ಮೈಸೂರಿನ ವಾಟರ್‌ಪ್ರೂಫಿಂಗ್ ಗುತ್ತಿಗೆಯವರನ್ನು ಕರೆಸಿದ್ದರು. ಇಸ್ತ್ರಿ ಮಾಡಿದ ಶರ್ಟಿನ ಹುಡುಗ, ಕೈಯಲ್ಲಿ ಟ್ಯಾಬ್, ಎರಡು ಮುಳ್ಳಿನ ತೇವ ಅಳೆಯುವ ಮೀಟರು. ಚುಚ್ಚಿದ ಕಡೆಯೆಲ್ಲ ಕೆಂಪು ದೀಪ ಹತ್ತಿಸಿ ತೋರಿಸಿದ. ಗೋಡೆಯಲ್ಲಿ ಉಪ್ಪಿದ್ದರೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಹಾಗಾಗಿ ಅಷ್ಟಾಗಿ ಒದ್ದೆ ಇಲ್ಲದಿದ್ದರೂ ಆ ಮೀಟರು ಕೆಂಪೇ ತೋರಿಸುತ್ತದೆ ಅಂತ ನಾನು ಹೇಳಿದೆ. "ಇದು ಇಂಪೋರ್ಟೆಡ್ ಮೇಡಂ" ಅಂದ. ಹಳೇ ಸಿಮೆಂಟ್ ಪ್ಲಾಸ್ಟರ್ ಹಾಗೆಯೇ ಬಿಟ್ಟು, ಮೇಲೆ ಕೆರೆದು, ಎರಡು ಕೋಟ್ ತೇವ ತಡೆಯುವ ಬಣ್ಣ, ಅದರ ಮೇಲೆ ಪುಟ್ಟಿ, ಅದರ ಮೇಲೆ ಎಮಲ್ಷನ್. ಚದರ ಅಡಿಗೆ 60 ರೂಪಾಯಿ. ಐದು ವರ್ಷ ವಾರಂಟಿ.

ಗದ್ದೆ ನಾಟಿಯಾಗಿ ನೀರು ನಿಂತ ಮೇಲೆ ನೋಡಬೇಕಿತ್ತು. ಬಣ್ಣದ ಕೆಳಗೆ ಗುಳ್ಳೆ ಎದ್ದವು, ಒತ್ತಿದರೆ ಒಳಗೆ ಚರ್ ಅನ್ನುವ ಉಪ್ಪಿನ ಪುಡಿ. ಅದಕ್ಕಿಂತ ಕೆಟ್ಟದ್ದು, ಮೊದಲು ಮೊಣಕಾಲಿನ ಮಟ್ಟಕ್ಕಿದ್ದ ತೇವದ ಗೆರೆ ಕಿಟಕಿಯ ಹಲಗೆಯವರೆಗೆ ಏರಿತು. ನೀರಿಗೆ ಕೆಳಗಡೆ ಆರುವ ದಾರಿ ಮುಚ್ಚಿದರೆ ಅದು ತೆರೆದ ಜಾಗ ಸಿಗುವ ತನಕ ಮೇಲೇರುತ್ತದೆ. ಉಪ್ಪು ಬಣ್ಣದ ಬೆನ್ನಿಗೆ ಕೂತು ಇಟ್ಟಿಗೆ ತಿನ್ನುತ್ತದೆ. ಫೋನ್ ಮಾಡಿದರೆ ವಾರಂಟಿ ಕಾಗದದ ಹಿಂಬದಿ ಓದಲು ಹೇಳಿದರು. ಸಣ್ಣ ಅಕ್ಷರದಲ್ಲಿ, ನೆಲದಿಂದ ಏರುವ ತೇವಕ್ಕೆ ಅನ್ವಯಿಸುವುದಿಲ್ಲ ಅಂತ ಇತ್ತು. ಹಾಗಿದ್ದರೆ ನೆಲದಿಂದ ತೇವ ಏರುವ ಮನೆಗೆ ಬಂದು ದುಡ್ಡು ಇಸಕೊಂಡಿದ್ದು ಯಾಕೆ? ಅದೇ ಬಣ್ಣ ತಾರಸಿಯ ಪ್ಯಾರಪೆಟ್ ಗೋಡೆಗೆ, ಮಳೆ ಹೊಡೆಯುವ ಹೊರಮೈಗೆ ಒಳ್ಳೇದೇ ಇರಬಹುದು. ಅಲ್ಲಿ ನೀರು ಹೊರಗಿನಿಂದ ಬರುತ್ತದೆ. ಇಲ್ಲಿ ಗೋಡೆಯ ಹೊಟ್ಟೆಯಿಂದ ಬರುತ್ತಿತ್ತು.

ಹಾರ್ಡ್‌ವೇರ್ ಅಂಗಡಿಯವರು ಹೇಳುವ ಮಿಕ್ಕ ಉಪಾಯಗಳನ್ನು ಬೇಗ ಮುಗಿಸಿಬಿಡುತ್ತೇನೆ. ಬಾತ್‌ರೂಮ್ ಆಸಿಡ್ ಹಾಕಿ ತಿಕ್ಕುವುದು: ಅದು ಹೈಡ್ರೋಕ್ಲೋರಿಕ್ ಆಸಿಡ್, ಸುಣ್ಣದ ಕಾರ್ಬೊನೇಟ್ ಕಲೆಯನ್ನು ನೊರೆ ಎಬ್ಬಿಸಿ ಕರಗಿಸುತ್ತದೆ ನಿಜ, ಆದರೆ ಗೋಡೆಗೆ ಹೊಸ ಕ್ಲೋರೈಡ್ ತಿನ್ನಿಸಿ ಹೋಗುತ್ತದೆ, ಹಳೇ ಸುಣ್ಣದ ಗಾರೆಯನ್ನೂ ತಿನ್ನುತ್ತದೆ. ನೀರು ಹೊಡೆದು ತೊಳೆಯುವುದು: ಉಪ್ಪು ಕರಗಿ ಗೋಡೆಯೊಳಕ್ಕೇ ವಾಪಸ್. ಗೋಡೆಗೆ ನಾಲ್ಕಡಿ ಟೈಲ್ಸ್: ಐದನೇ ಅಡಿಗೆ ಉಪ್ಪು ಬರುತ್ತದೆ. ಜಿಪ್ಸಮ್ ಪ್ಲಾಸ್ಟರ್: ತೇವದ ಗೋಡೆಗೆ ಬೇಡವೇ ಬೇಡ.

ಇನ್ನು ಮೇಸ್ತ್ರಿ. ಮೇಲುಕೋಟೆಯ ಹಳೇ ಮನೆಯೊಂದರ ಗಾರೆ ಕೆಲಸ ನೋಡಿ, ಮನೆಯವರನ್ನು ಕೇಳಿ ನಂಬರ್ ತಂದಿದ್ದು. ಅರವತ್ತರ ಮೇಲಿನ ವಯಸ್ಸು, ಪಂಚೆ ಎತ್ತಿ ಕಟ್ಟಿ ಬಂದವರು ಗೋಡೆಯನ್ನು ನೋಡಲೇ ಇಲ್ಲ. "ಗ್ವಾಡೆ ಆಮ್ಯಾಕ್ ನೋಡುವ ಬುಡಿ ಟೀಚರಮ್ಮ" ಅಂದು ಮನೆಯ ಸುತ್ತ ಹೊರಗೆ ಒಂದು ಸುತ್ತು ಹಾಕಿದರು, ಗುದ್ದಲಿ ಹಿಡಿದು. ಹೆಂಚಿನ ಅಂಚಿನಿಂದ ಮಳೆನೀರು ಬೀಳುವ ಜಾಗ ಗೋಡೆಯಿಂದ ಒಂದಡಿಯೂ ದೂರ ಇಲ್ಲ. ಪಾತ್ರೆ ತೊಳೆಯುವ ಕಲ್ಲಿನ ನೀರು ಹರಿದು ಹೋಗುವುದು ಮೂಲೆಯ ಬುಡಕ್ಕೆ. ವರ್ಷಾ ವರ್ಷಾ ಅಂಗಳಕ್ಕೆ ಮಣ್ಣು ಹೊಡೆಸಿ, ಮೇಲೆ ಸಿಮೆಂಟ್ ಹಾಸಿ, ಹೊರಗಿನ ನೆಲ ಸೈಜುಗಲ್ಲನ್ನು ಮುಚ್ಚಿ ಇಟ್ಟಿಗೆಯ ಮೊದಲ ವರಸೆಗೆ ಬಂದು ಕೂತಿದೆ. ಅಂದರೆ ಮಾವನವರು ಇಟ್ಟಿಗೆಗೆ ನೆಲದ ನೀರು ತಾಗದಿರಲಿ ಅಂತ ಕಲ್ಲು ಎತ್ತರಿಸಿ ಕಟ್ಟಿಸಿದ್ದರೆ, ಆಮೇಲಿನವರು ಅದನ್ನು ಹೂತು ಹಾಕಿದ್ದಾರೆ.

ಅವರ ಮೊದಲ ಷರತ್ತು, ಈ ನೀರಿನ ಕೆಲಸ ಮುಗಿಯದೆ ಕರಣೆ ಮುಟ್ಟುವುದಿಲ್ಲ ಅನ್ನೋದು. ನನಗೆ ಅಲ್ಲೇ ಅರ್ಧ ನಂಬಿಕೆ ಬಂತು. ಭತ್ತ ಕುಯ್ದು, ನಾಲೆ ನಿಂತು, ಗದ್ದೆ ಒಣಗಿದ ಮೇಲೆ ಶುರು ಮಾಡಿದರು. ಗೋಡೆಯ ಪಕ್ಕದ ಸಿಮೆಂಟ್ ಹಾಸು ಒಡೆದರು, ಸೈಜುಗಲ್ಲು ಕಾಣುವ ತನಕ ಮಣ್ಣು ಇಳಿಸಿದರು, ಗೋಡೆಗುಂಟ ಚರಂಡಿ ತೋಡಿ ಇಳಿಜಾರು ಕೊಟ್ಟು ಜಲ್ಲಿ ತುಂಬಿದರು. ಪಾತ್ರೆ ಕಲ್ಲಿನ ನೀರಿಗೆ ಪೈಪು, ಹೆಂಚಿನ ಅಂಚಿಗೆ ತಗಡಿನ ದೋಣಿ. ಇದಕ್ಕೆಲ್ಲ ದಿನಗೂಲಿ ಲೆಕ್ಕ. ಇಷ್ಟು ಮಾಡಿಯೇ ಸುಮ್ಮನಿದ್ದರೂ ಗೋಡೆಯ ಒದ್ದೆ ಅರ್ಧ ಇಳಿಯುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ದುಡ್ಡು ಕಮ್ಮಿ ಇರುವವರು ಇಷ್ಟನ್ನಾದರೂ ಮಾಡಿಸಿ.

ಆಮೇಲೆ ಒಳಗೆ. ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನ ತನಕ ಸಿಮೆಂಟ್ ಪ್ಲಾಸ್ಟರನ್ನು ಉಳಿ ಹಿಡಿದು ಕಿತ್ತರು. ಉಪ್ಪು ಆ ಗೆರೆಯ ಮೇಲಕ್ಕೂ ಅಡಗಿರುತ್ತದಂತೆ. ಬಿದ್ದ ಪುಡಿಯನ್ನು ಆವತ್ತಾವತ್ತೇ ಚೀಲಕ್ಕೆ ತುಂಬಿ ಹೊರಗೆ ಸಾಗಿಸಿದರು, ಅಂಗಳದಲ್ಲಿ ರಾಶಿ ಹಾಕಲು ಬಿಡಲಿಲ್ಲ: ಮಳೆ ಬಂದರೆ ಅದೇ ಉಪ್ಪು ಮತ್ತೆ ಗೋಡೆಯ ಬುಡಕ್ಕೆ. ಇಟ್ಟಿಗೆ ಸಂದುಗಳ ಸತ್ತ ಮಣ್ಣನ್ನು ಕೆರೆದು, ನಾರಿನ ಬ್ರಷ್ಷಿನಿಂದ ಒಣದಾಗಿಯೇ ಉಜ್ಜಿದರು. ತಂತಿ ಬ್ರಷ್ ಮುಟ್ಟಲಿಲ್ಲ, ನೀರು ಸೋಕಿಸಲಿಲ್ಲ. ಕೊಟ್ಟಿಗೆ ಗೋಡೆಯಲ್ಲಿ ಪುಡಿಯಾಗಿದ್ದ ಇಟ್ಟಿಗೆಗಳನ್ನು ಒಂದೊಂದೇ ಬಿಡಿಸಿ ಬೇರೆ ಕೂರಿಸಿದರು. ಗೋಡೆಯನ್ನು ಹಾಗೇ ಬೆತ್ತಲೆ ಬಿಟ್ಟು, ಕಿಟಕಿ ಬಾಗಿಲು ತೆರೆದಿಟ್ಟು ಹೋದರು. ಇಷ್ಟು ದಪ್ಪದ ಗೋಡೆ ಒಣಗಲು ತಿಂಗಳುಗಳೇ ಬೇಕು. ಒಂದು ಇಂಚಿಗೆ ಒಂದು ತಿಂಗಳು ಅನ್ನೋದು ಎಂಜಿನಿಯರುಗಳ ಮೋಟು ಲೆಕ್ಕ, ಅಷ್ಟು ಕಾಯಲು ನಮ್ಮಿಂದ ಆಗಲಿಲ್ಲ. ಯುಗಾದಿಯ ತನಕ ಬಿಟ್ಟೆವು. ಹಾಲ್‌ನ ಗೋಡೆ ಆ ಥರ ನಿಂತಿದ್ದಾಗ ಹೆಣ್ಣು ನೋಡಲು ಬಂದವರಿದ್ದರು ಭಾವನವರ ಮಗಳಿಗೆ. ಆ ಮಾತು ಬೇಡ.

ಬಚ್ಚಲ ಪಕ್ಕದ ಗೋಡೆಗೆ ನಾನು ಹಠ ಮಾಡಿ ಕಾಗದದ ಪಟ್ಟು ಹಾಕಿಸಿದೆ. ಮಕ್ಕಳ ನೋಟ್‌ಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳನ್ನು ಮಳೆನೀರಲ್ಲಿ ನೆನೆಸಿ, ರುಬ್ಬಿ, ಹಿಂಡಿ, ಅರ್ಧ ಇಂಚು ದಪ್ಪಕ್ಕೆ ಬರಿ ಇಟ್ಟಿಗೆಯ ಮೇಲೆ ಒತ್ತಿ ಮೆತ್ತುವುದು. ಒದ್ದೆ ಕಾಗದದ ನೀರು ಇಟ್ಟಿಗೆಯೊಳಗೆ ಹೋಗಿ ಉಪ್ಪನ್ನು ಕರಗಿಸುತ್ತದೆ, ಆರುವಾಗ ಉಪ್ಪು ಸಮೇತ ಕಾಗದಕ್ಕೆ ಬರುತ್ತದೆ. ಒಣಗಿದ ಮೇಲೆ ಸಿಪ್ಪೆ ತೆಗೆದು ಬಿಸಾಡಿ, ಹೊಸದು ಮೆತ್ತುವುದು. ಮೇಸ್ತ್ರಿಯ ಆಳುಗಳು ಬಾಯಿ ಮುಚ್ಚಿಕೊಂಡು ನಕ್ಕರು. ತೆಗೆದ ಕಾಗದವನ್ನು ಪ್ರತಿ ಸಲವೂ ಅಷ್ಟೇ ಭಟ್ಟಿ ನೀರಲ್ಲಿ ನೆನೆಸಿ ಸಿಲ್ವರ್ ನೈಟ್ರೇಟ್ ಹಾಕಿ ನೋಡುತ್ತಿದ್ದೆ. ಮೊದಲನೆಯದು ಬೆಳ್ಳನೆ ಗಟ್ಟಿ, ಕೊನೆಯದಕ್ಕೆ ಬರೀ ಮಬ್ಬು. ಆ ಶೀಷೆಗಳನ್ನು ಸಾಲಾಗಿ ಕಿಟಕಿಯಲ್ಲಿ ಇಟ್ಟಾಗ ನಗು ನಿಂತಿತು. ಅದೇ ಕೋಣೆ ಒಂಬತ್ತಿಂಚಿನ ಸಿಮೆಂಟ್ ಗೋಡೆಯಾದ್ದರಿಂದ ಅಲ್ಲಿ ಮಾತ್ರ ಇಂಜೆಕ್ಷನ್ ಕೂಡ ಕೊಡಿಸಿದೆವು. ಮೇಸ್ತ್ರಿಗೆ ಗೊತ್ತಿದ್ದ ಹುಡುಗ ಡ್ರಿಲ್ ತಂದು, ನೆಲಕ್ಕೆ ಹತ್ತಿರದ ಒಂದೇ ಸಿಮೆಂಟ್ ಸಂದಿನಗುಂಟ 12 ಮಿಲಿಮೀಟರಿನ ತೂತುಗಳನ್ನು ನಾಲ್ಕೂಮುಕ್ಕಾಲು ಇಂಚಿಗೊಂದರಂತೆ, ಆಚೆ ಮುಖಕ್ಕೆ ಒಂದೂವರೆ ಇಂಚು ಉಳಿಯುವಷ್ಟು ಆಳಕ್ಕೆ ಕೊರೆದು, ಸಿಲೇನ್ ಕ್ರೀಮ್ ತುಂಬಿದ. ಅದು ಸಂದಿನಲ್ಲಿ ಹರಡಿ ನೀರು ಏರದ ಪಟ್ಟಿಯಾಗುತ್ತದೆ. ಹಳೇ ಗೋಡೆಗೂ ಕೊಡುತ್ತೇನೆ ಅಂದ. ಮಣ್ಣಿನ ಸಂದಿಗೆ ಕೊರೆದರೆ ತೂತು ನಿಲ್ಲುವುದಿಲ್ಲ, ಕ್ರೀಮ್ ಎಲ್ಲಿಗೆ ಹೋಯಿತೋ ಗೊತ್ತಾಗುವುದಿಲ್ಲ ಅಂತ ಮೇಸ್ತ್ರಿಯೇ ತಡೆದರು. ತನ್ನವನಿಗೇ ಕೆಲಸ ತಪ್ಪಿಸಿದ ಮನುಷ್ಯ.

ಸುಣ್ಣದ ಕೆಲಸ ನೋಡಲು ಸ್ಕೂಲಿಗೆ ರಜೆ ಹಾಕಿದೆ, ಹಾಕಿದ್ದಕ್ಕೆ ಬೇಸರವಿಲ್ಲ. ಸುಟ್ಟ ಸುಣ್ಣದ ಕಲ್ಲುಗಳನ್ನು ಗುಂಡಿಯ ನೀರಿಗೆ ಸುರಿದರೆ ಬುಸ್ಸೆಂದು ಕುದಿ ಎದ್ದು ಮುಖಕ್ಕೆ ಹಬೆ ಹೊಡೆಯುತ್ತದೆ. ಕ್ಯಾಲ್ಸಿಯಂ ಆಕ್ಸೈಡ್ ನೀರು ಕುಡಿಯುವ ಕ್ರಿಯೆಯನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ, ಅಷ್ಟು ಬಿಸಿ ಅಂತ ಮೈಗೆ ಗೊತ್ತಾದದ್ದು ಆವತ್ತು. ಕುದಿ ಇಳಿದ ಸುಣ್ಣವನ್ನು ನೀರಡಿಯಲ್ಲೇ ವಾರಗಟ್ಟಲೆ ಕೊಳೆಹಾಕಿದರು. ಬೆಲ್ಲ ಮತ್ತು ಕುಟ್ಟಿದ ಅಳಲೆಕಾಯಿಯನ್ನು ಬೇರೆ ಡ್ರಮ್ಮಿನಲ್ಲಿ ನೆನೆಹಾಕಿದರು. ಅದು ಹುಳಿತು ಬೀರುವ ವಾಸನೆಗೆ ಪಕ್ಕದ ಮನೆಯವರು, "ಏನ್ ಮಿಸ್, ಭಟ್ಟಿ ಇಟ್ಟಿದ್ದೀರಾ?" ಅಂದರು. ಮೊದಲ ಪದರಕ್ಕೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಮತ್ತು ಇಟ್ಟಿಗೆ ಪುಡಿ, ಅಂದರೆ ಸುರ್ಕಿ. ಕಲಸಲು ಬೋರ್ ನೀರು ಬೇಡ ಅಂದಿದ್ದೆ, ಶೇಖರಿಸಿದ ಮಳೆನೀರೇ ಹಾಕಿದರು. ಕಾಂಕ್ರೀಟಿಗೆ ಬಳಸುವ ನೀರಿಗೇ ಭಾರತೀಯ ಮಾನಕ ಐಎಸ್ 456 ಮಿತಿ ಹಾಕಿದೆ, ಕಬ್ಬಿಣ ಇರುವ ಕಡೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಅಂತ. ಉಪ್ಪು ತೆಗೆಯಲು ಹೊರಟ ಗೋಡೆಗೆ ನಾವೇ ಉಪ್ಪುನೀರು ಕುಡಿಸುವುದೇ?

ಸುಣ್ಣದ ಗಾರೆ ಸಿಮೆಂಟಿನ ಹಾಗೆ ಬೆಳಿಗ್ಗೆ ಮೆತ್ತಿ ಸಂಜೆ ಗಟ್ಟಿಯಾಗುವುದಲ್ಲ. ಮೆತ್ತಿದ ಮೇಲೆ ಅರ್ಧ ಬಿಗಿಯುವ ತನಕ ಕಾದು, ಮರದ ಹಲಗೆಯಿಂದ ಬಡಿದು, ಬಿರುಕು ಕಂಡರೆ ಮತ್ತೆ ಬಡಿದು ಮುಚ್ಚಬೇಕು. ಬಿಸಿಲು ಬೀಳುವ ಕಿಟಕಿಗೆ ಗೋಣಿ ಕಟ್ಟಿ, ದಿನಾ ತುಂತುರು ನೀರು ಚಿಮುಕಿಸಿದರು. ಎರಡನೇ ಪದರ ಆಮೇಲೆ, ನುಣ್ಣಗೆ ಸೋಸಿದ ಸುಣ್ಣ ಮರಳಿನದು. ಕೊನೆಗೆ ಪೇಂಟ್ ಬದಲು ಸುಣ್ಣವನ್ನೇ ತೆಳ್ಳಗೆ ಬಳಿದು, ಕೆಳಗಿನ ಎರಡಡಿಗೆ ಕೆಮ್ಮಣ್ಣಿನ ಪಟ್ಟಿ. ಕೆಮ್ಮಣ್ಣಿನ ಮೇಲೆ ಬಿಳಿ ಉಪ್ಪು ಎದ್ದು ಕಾಣುತ್ತದಲ್ಲ ಅಂತ ನಮ್ಮನೆಯವರು ತಕರಾರು ತೆಗೆದರು. ಕಾಣಲಿ ಅಂತಲೇ ಹಾಕಿಸಿದ್ದು.

ಇನ್ನು ಮುಂದೆ ಉಪ್ಪು ಬರುವುದೇ ಇಲ್ಲವೇ ಅಂತ ನಾನು ಕೇಳಿದ್ದಕ್ಕೆ ಮೇಸ್ತ್ರಿ ಕೊಟ್ಟ ಉತ್ತರ ಯಾವ ವಾರಂಟಿ ಕಾಗದದಲ್ಲೂ ಇರಲಾರದು. "ಯಾಕ್ ಬರಕಿಲ್ಲ? ಬತ್ತದೆ. ಬರ್ಲಿ ಬುಡಿ ಟೀಚರಮ್ಮ. ಈಚೆಗ್ ಬಂದ್ರೆ ಗುಡಿಸ್ಕೊಬೋದು, ಒಳ್ಗೇ ಕುಂತ್ರೆ ಇಟ್ಟಿಗೆ ತಿಂತದೆ. ನಾಕೈದು ವರ್ಸಕ್ಕೆ ಈ ಗಾರೆ ಉಪ್ಪು ಕುಡ್ದು ಸತ್ರೆ ಇದ್ನ ಕಿತ್ತಾಕಿ ಬ್ಯಾರೆ ಮೆತ್ತುವ. ಗ್ವಾಡೆ ಉಳ್ಕತದೆ." ಗೋಡೆಗಿಂತ ಮೆತ್ತಗಿನ, ಗೋಡೆಗಿಂತ ಹೆಚ್ಚು ರಂಧ್ರಗಳ ಗಾರೆ ಹಾಕಿ, ಇಟ್ಟಿಗೆಯ ಬದಲು ಅದನ್ನು ಬಲಿ ಕೊಡುವುದು. ಹಳೇ ಕಟ್ಟಡ ಕಾಪಾಡುವವರು ಎಲ್ಲ ಕಡೆ ಮಾಡುವುದೂ ಇದನ್ನೇ.

ಈಗ ಫಲಿತಾಂಶ. ಹಾಲ್‌ನ ಗೋಡೆ ಒಣಗಿದೆ. ಶಿವರಾತ್ರಿ ಹೊತ್ತಿಗೆ ಕೆಮ್ಮಣ್ಣಿನ ಪಟ್ಟಿಯ ಮೇಲೆ ಅಲ್ಲಲ್ಲಿ ತೆಳು ಬಿಳಿ ಬಂತು, ಪೊರಕೆಯಲ್ಲಿ ಗುಡಿಸಿದರೆ ಹೋಯಿತು, ಗಾರೆ ಉದುರಿಲ್ಲ. ಬಚ್ಚಲ ಪಕ್ಕದ ಗೋಡೆ ಈ ಆಷಾಢದಲ್ಲಿ ಕಪ್ಪಿಡಲಿಲ್ಲ. ಕಾಗದದ ಪಟ್ಟಿನಿಂದಲೋ ಇಂಜೆಕ್ಷನ್ನಿನಿಂದಲೋ ಬಿಡಿಸಿ ಹೇಳಲು ಬಾರದು, ಎರಡನ್ನೂ ಒಟ್ಟಿಗೆ ಮಾಡಿಸಿದ್ದು. ಕೊಟ್ಟಿಗೆ ಗೋಡೆ ಮಾತ್ರ ಹಠಮಾರಿ. ಗದ್ದೆಗೆ ನೀರು ನಿಂತ ಮೇಲೆ ಅಂಗೈಯಗಲದ ತೇವದ ಕಲೆಗಳು ಬಂದವು, ಬೇಸಿಗೆಗೆ ಅಲ್ಲೆಲ್ಲ ನಯವಾದ ಬಿಳಿ ಎಳೆಗಳು ಎದ್ದವು. ದಪ್ಪ ಅಕ್ಕಿಚೀಲವನ್ನು ಕೆಳಗೆ ಹಾಸಿ ಒಣ ಬ್ರಷ್ಷಿನಿಂದ ಉಜ್ಜಿ ಎತ್ತಿದೆ. ಒಂದು ಕಡೆ ಗಾರೆಯ ಮೇಲ್ಪದರ ಉದುರಿದೆ. ಅಷ್ಟು ವರ್ಷ ದನ ಕಟ್ಟಿದ ನೆಲಕ್ಕೆ ಇದು ಹೆಚ್ಚೇನಲ್ಲ, ಆದರೆ ಆ ಕೋಣೆಯಲ್ಲಿ ಅಕ್ಕಿ ಮೂಟೆ ಗೋಡೆಗೆ ಒರಗಿಸುವ ಹಾಗಿಲ್ಲ.

ಒಂದು ಸ್ಟಾರ್ ಯಾಕೆ ಕಳೆದೆ ಅಂದರೆ, ಮೇಸ್ತ್ರಿ ಫೋನ್ ಎತ್ತುವುದಿಲ್ಲ. ಬರುತ್ತೇನೆ ಅಂದ ದಿನ ಬರುವುದಿಲ್ಲ, ಬರದ ದಿನ ತಿಳಿಸುವುದಿಲ್ಲ. ಒಂದೆರಡು ವಾರದ ಕೆಲಸ ಅಂದದ್ದು ಬೇಸಿಗೆ ಪೂರ್ತಿ ಎಳೆಯಿತು. ಮಧ್ಯೆ ಊರ ಹಬ್ಬ, ಆಳಿನ ಮದುವೆ, ಸುಣ್ಣ ಸಿಗದ ತಾಪತ್ರಯ. ಬಿಲ್ಲು ಕ್ಯಾಲೆಂಡರಿನ ಹಿಂದೆ ಬರೆದ ಲೆಕ್ಕ. ಬೆಲ್ಲದ ನೀರಿಗೆ ಮನೆಯಿಡೀ ಇರುವೆ. ದರ: ಹಳೇ ಪ್ಲಾಸ್ಟರ್ ಕೀಳುವುದೂ ಸೇರಿ ಸುಣ್ಣದ ಗಾರೆಗೆ ಚದರ ಅಡಿಗೆ 140 ರೂಪಾಯಿ, ಇಂಜೆಕ್ಷನ್ನಿಗೆ ಉದ್ದಳತೆಯ ಅಡಿಗೆ 380, ಸಾಮಗ್ರಿ ಒಳಗೊಂಡು. ಸಿಮೆಂಟ್ ಪ್ಲಾಸ್ಟರಿಗಿಂತ ದುಬಾರಿ.

ಹೊಸ ಮನೆಯವರು ಇವರನ್ನು ಕರೆಯಬೇಕಿಲ್ಲ. ಹೊಸದಾಗಿ ಕಟ್ಟಿದ ಇಟ್ಟಿಗೆ ಗೋಡೆಯ ಮೇಲೆ ಮೊದಲ ಬೇಸಿಗೆಗೆ ಬರುವ ಬಿಳಿ, ಇಟ್ಟಿಗೆ ಮತ್ತು ಸಿಮೆಂಟಿನಲ್ಲೇ ಇದ್ದ ಉಪ್ಪು, ಕಟ್ಟುವಾಗಿನ ನೀರಿನ ಜೊತೆ ಹೊರಬರುವುದು. ಬೆಲ್ಟ್ ಹಾಕಿದ್ದರೆ, ಎಲ್ಲೂ ಸೋರಿಕೆ ಇಲ್ಲದಿದ್ದರೆ, ಒಣಗಿದಾಗ ಗುಡಿಸಿ ಸುಮ್ಮನಿರಿ, ಬಣ್ಣ ಹೊಡೆಯಲು ಅವಸರ ಮಾಡಬೇಡಿ, ಬರಬರುತ್ತ ಕಮ್ಮಿಯಾಗುತ್ತದೆ. ಇನ್ನೂ ಕಟ್ಟದವರು ಗೂಡಿನಿಂದ ಲೋಡು ತರಿಸುವ ಮೊದಲು ಇಟ್ಟಿಗೆ ಪರೀಕ್ಷೆ ಮಾಡಿ. ತಟ್ಟೆಯಲ್ಲಿ ಒಂದು ಇಂಚು ಭಟ್ಟಿ ನೀರು ಹಾಕಿ ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ನೀರೆಲ್ಲ ಹೀರಿ ಒಣಗುವ ತನಕ ಗಾಳಿಯಾಡುವ ಕಡೆ ಇಡಿ, ಅಷ್ಟೇ ನೀರು ಹಾಕಿ ಇನ್ನೊಮ್ಮೆ ಒಣಗಿಸಿ. ಐಎಸ್ 3495 ಹೇಳುವುದು ಇದನ್ನೇ. ಮೈಯ ಶೇಕಡ 10ರೊಳಗೆ ಬಿಳಿ ಬಂದರೆ ಅಲ್ಪ, 50ರ ತನಕ ಮಧ್ಯಮ, ಅದನ್ನೂ ಮೀರಿದರೆ ಆ ಗೂಡಿನ ಇಟ್ಟಿಗೆ ಬೇಡ ಅನ್ನಿ. ಪುಡಿ ಉದುರಿದರಂತೂ ಮಾತೇ ಇಲ್ಲ.

ಭಾವನವರ ಕೋಣೆಯನ್ನೂ ಇದೇ ಮೇಸ್ತ್ರಿಗೆ ಒಪ್ಪಿಸಿದ್ದೇವೆ, ಈ ಸಲ ಭತ್ತ ಕುಯ್ದ ಮೇಲೆ ಶುರು. ಅಲ್ಲಿಗೆ ಚದರ ಅಡಿಗೆ 15 ರೂಪಾಯಿ ಜಾಸ್ತಿ ಕೇಳಿದ್ದಾರೆ. ಆ ವಾಟರ್‌ಪ್ರೂಫ್ ಬಣ್ಣ ಹತ್ತಿದ ಪ್ಲಾಸ್ಟರ್ ಕೀಳುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬರುತ್ತದಂತೆ, ಹೊಸ ಇಟ್ಟಿಗೆ ಎಷ್ಟು ಬೇಕಾಗುತ್ತದೋ ತೆಗೆದು ನೋಡದೆ ಹೇಳಲಾಗದಂತೆ.